ಎರಡು ಚೀಟಿ, ಒಂದು ಗೆರೆ

ನನ್ನ ಹಿತ್ತಲಿನ ಬ್ಯಾರನ್ ಗೋಡೆಯ ಗೂಡಿನಲ್ಲಿ ಎರಡು ಸಣ್ಣ ಸ್ಟೀಲ್ ಡಬ್ಬಿಗಳಿವೆ. ಒಂದು ನನ್ನದು, ಇನ್ನೊಂದು ಹಿಂದಿನ ಬೀದಿಯ ಅಕ್ಕನದು. ಒಂದು ಚಳಿಗಾಲದಲ್ಲಿ ದಿನಕ್ಕೊಂದು ಚೀಟಿ ಎರಡರಲ್ಲೂ ಬೀಳುತ್ತಿತ್ತು. ಆಮೇಲೆ ಸುಮಾರು ಒಂದು ವರ್ಷ ಅಕ್ಕನ ಡಬ್ಬಿ ಖಾಲಿ ಇತ್ತು. ಅದನ್ನು ಖಾಲಿ ಮಾಡಿದವಳು ನಾನು. ಯಾರ ಮೇಲಾದರೂ ತಪ್ಪು ಹಾಕೋಣವೆಂದು ಬಹಳ ಹುಡುಕಿದೆ, ನನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ.

ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ನಮ್ಮ ಪಿರಿಯಾಪಟ್ಟಣ, ಹುಣಸೂರು ಕಡೆ ಹೊಲಹೊಲದಲ್ಲೂ ನಿಂತಿರುತ್ತವೆ. ಕಿಟಕಿಯಿಲ್ಲದ ಎತ್ತರದ ಚೌಕ ಕಟ್ಟಡ, ಒಳಗೆ ಸೊಪ್ಪಿನ ಕಡ್ಡಿ ಜೋಡಿಸಲು ಸಾಲಾಗಿ ಅಡ್ಡ ಬೊಂಬುಗಳು, ನೆಲದ ಮೇಲೆ ಬಿಸಿಯ ಕೊಳವೆ, ಒಳಗಿನ ಸೊಪ್ಪು ಹಳದಿಗೆ ತಿರುಗಿತೇ ಎಂದು ಇಣುಕಲು ಅಂಗೈಯಗಲದ ಒಂದು ಗಾಜಿನ ಕಿಂಡಿ. ನಾನು ಬಾಡಿಗೆಗಿರುವ ಮನೆಯ ಹಿಂದೆ ಇಂಥದ್ದೊಂದಿದೆ. ಮನೆಯ ಯಜಮಾನರು ಹೊಗೆಸೊಪ್ಪು ಬಿಟ್ಟು ಶುಂಠಿಗೆ ಇಳಿದ ಮೇಲೆ ಅದರಲ್ಲಿ ಹಳೇ ಕಡ್ಡಿ, ಹರಿದ ಟಾರ್ಪಾಲು ಮತ್ತು ಎರಡು ಹೆಗ್ಗಣ ಮಾತ್ರ ಇದ್ದವು. ನನಗೆ ಬೇಕಾಗಿದ್ದುದು ಕತ್ತಲೆ ಮತ್ತು ಒಂದಿಷ್ಟು ಉದ್ದನೆಯ ಜಾಗ. ಯಜಮಾನರು ಕೇಳಿದ ತಕ್ಷಣ ಬೀಗದ ಕೈ ಕೊಟ್ಟರು. ಹೆಗ್ಗಣಗಳು ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ.

ನಾನು ಬೆಟ್ಟದಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಹುಟ್ಟಿದೂರು ಕೆ.ಆರ್. ನಗರ. ಅಲ್ಲಿ ಅಣ್ಣನ ಸಂಸಾರವಿದೆ, ಹಬ್ಬಕ್ಕೆ ಹೋಗಿ ಊಟ ಮಾಡಿ ಬರುತ್ತೇನೆ. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ ಕೇಳುತ್ತಾರೆ, ಉತ್ತರ ಕೊಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಒಂಟಿಯಾಗಿರುವುದು ನನಗೆ ಅಭ್ಯಾಸ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅದು ಸುಳ್ಳೆಂದು ಗೊತ್ತಾಗಿದ್ದು ಅಕ್ಕ ಬರುವುದನ್ನು ನಿಲ್ಲಿಸಿದ ಮೇಲೆ.

ಬ್ಯಾರನ್ನಿನಲ್ಲಿ ನಾನು ಮಾಡುವ ಕೆಲಸ ಇದು. ಹೊರಗಿಟ್ಟ ಕನ್ನಡಿಯೊಂದು ಬೆಳಗಿನ ಬಿಸಿಲನ್ನು ಹಿಡಿದು ಕಿಂಡಿಯೊಳಗೆ ಕಳಿಸುತ್ತದೆ. ಒಳಗಿನ ಲೆನ್ಸು ಆ ಬಿಸಿಲಿನಿಂದ ಒಂದು ತಗಡಿನ ಮೇಲೆ ಸೂರ್ಯನ ಬಿಂಬ ಬೀಳಿಸುತ್ತದೆ, ಕೋಟಿನ ಗುಂಡಿಯಷ್ಟು. ಸೂರ್ಯನ ಕಲೆಗಳು ಅದರ ಮೇಲೆ ಸಾಸಿವೆ ಕಾಳಿನಂತೆ ಕಾಣುತ್ತವೆ. ತಗಡಿನ ನಡುವೆ ಎರಡು ಬ್ಲೇಡುಗಳನ್ನು ಎದುರುಬದುರು ಕೂರಿಸಿ ಮಾಡಿದ ಸಣ್ಣ ಸಂದಿದೆ. ಕಲೆಯನ್ನು ಆ ಸಂದಿನ ಮೇಲೆ ತಂದು ನಿಲ್ಲಿಸಿದರೆ ಅದರ ಬೆಳಕು ಮಾತ್ರ ಕತ್ತಲೆ ದಾಟಿಹೋಗಿ, ಆಚೆ ಗೋಡೆಯಲ್ಲಿರುವ ಸಾವಿರಾರು ಗೀರುಗಳ ಗಾಜಿಗೆ ತಗುಲಿ, ಬಣ್ಣಬಣ್ಣವಾಗಿ ಬಿಡಿಸಿಕೊಂಡು, ನಾನು ಕಣ್ಣಿಟ್ಟು ನೋಡುವ ಐಪೀಸಿಗೆ ವಾಪಸು ಬರುತ್ತದೆ.

ಅಷ್ಟೂ ಬಣ್ಣ ನನಗೆ ಬೇಕಿಲ್ಲ, ಕೆಂಪಿನ ಒಂದು ಚೂರು ಸಾಕು. ಆ ಮಂಕು ಕೆಂಪು ಪಟ್ಟಿಯ ಮೇಲೆ ಕೆಲವು ಕಪ್ಪು ಗೆರೆಗಳಿರುತ್ತವೆ. ಅದರಲ್ಲೊಂದು ಸೂರ್ಯನಲ್ಲಿರುವ ಕಬ್ಬಿಣದ ಗೆರೆ. ಅದರ ಎಡಕ್ಕೊಂದು ಬಲಕ್ಕೊಂದು ಇರುವ ತೆಳ್ಳನೆಯ ಗೆರೆಗಳು ಸೂರ್ಯನವಲ್ಲ, ನಮ್ಮ ತಲೆಯ ಮೇಲಿನ ಗಾಳಿಯವು. ಕಲೆಯೊಳಗೆ ಬಲವಾದ ಕಾಂತಕ್ಷೇತ್ರವಿದ್ದರೆ ಕಬ್ಬಿಣದ ಗೆರೆ ಎರಡಾಗಿ ಸೀಳುತ್ತದೆ, ಗಾಳಿಯ ಗೆರೆಗಳು ಜಪ್ಪಯ್ಯ ಅನ್ನುವುದಿಲ್ಲ. ಸೀಳು ಎಷ್ಟು ಅಗಲವೋ ಕಾಂತ ಅಷ್ಟು ಬಲ. ಅಗಲ ಅಳೆಯಲು ಐಪೀಸಿನ ಪಕ್ಕ ಬೆರಳಲ್ಲಿ ತಿರುಗಿಸುವ ಒಂದು ಉರುಳೆಯಿದೆ, ಅದರ ಮೈಮೇಲೆ ಗೀಟುಗಳು. ಒಂದು ಗೀಟಿಗೆ ಸುಮಾರು ನೂರು ಗಾಸ್ ಎಂದು ಗೊತ್ತುಮಾಡಿಕೊಂಡಿದ್ದೆ. ರಾಗಿಗೆ ಸೇರು ಹೇಗೋ ಕಾಂತಕ್ಕೆ ಗಾಸ್ ಹಾಗೆ.

ಹೇಳುವುದಕ್ಕೆ ಎರಡು ನಿಮಿಷ, ಕಟ್ಟುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ಹುಣಸೂರಿನ ಮರದ ಡಿಪೋದಿಂದ ಬಾಗದ ಹಲಗೆ ತಂದೆ. ಬೆಳಕು ನುಸುಳದ ದಪ್ಪ ಕಂಬಳಿಗೆ ಬೈಲಕುಪ್ಪೆಯ ಅಂಗಡಿಗಳನ್ನೆಲ್ಲ ಸುತ್ತಿದೆ. ಗೀರುಗಾಜನ್ನು ನನ್ನ ಹಳೆಯ ಪ್ರಾಧ್ಯಾಪಕರೊಬ್ಬರು ಕೊಟ್ಟರು, ಅವರ ಪ್ರಯೋಗಶಾಲೆಯಲ್ಲಿ ಮೂಲೆಗೆ ಬಿದ್ದಿತ್ತಂತೆ. ಎಲ್ಲ ಕೂರಿಸಿ ಕಣ್ಣಿಟ್ಟರೆ ಕಬ್ಬಿಣದ ಗೆರೆ ಕಾಣುತ್ತಿತ್ತು, ಆದರೆ ಕಲೆಯ ಮೇಲೂ ಅದು ಒಂದೇ ಗೆರೆ. ತಿಂಗಳುಗಟ್ಟಲೆ ಒಂದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನಾನು ಹಲಗೆಗೆ ಬೈದೆ, ಗಾಜಿಗೆ ಬೈದೆ, ಹೆಗ್ಗಣಗಳಿಗೂ ಬೈದೆ. ಸ್ಟಾಫ್ ರೂಮಿನಲ್ಲಿ ನನ್ನನ್ನು ಸೂರ್ಯನ ಮೇಡಂ ಅನ್ನುತ್ತಿದ್ದರು. ಯಾರೂ ಬಂದು ನೋಡುತ್ತೇನೆ ಅನ್ನಲಿಲ್ಲ, ನಾನೂ ಕರೆಯಲಿಲ್ಲ.

ಅಕ್ಕ ಬಂದದ್ದು ಸೂರ್ಯನನ್ನು ನೋಡಲು ಅಲ್ಲ. ಹಿಂದಿನ ಬೀದಿಯ ಹೆಂಗಸು, ಐವತ್ತು ದಾಟಿದವಳು. ಗಂಡ ಇಲ್ಲ, ಒಬ್ಬಳೇ ಮಗಳನ್ನು ಎಚ್.ಡಿ. ಕೋಟೆ ಕಡೆ ಕೊಟ್ಟಿದ್ದಾಳೆ. ವರ್ಷವೆಲ್ಲ ಕೂಲಿ, ಸೊಪ್ಪು ಬೆಂದ ಮೇಲೆ ನಾಲ್ಕು ತಿಂಗಳು ಗ್ರೇಡಿಂಗ್. ಬೆಂದ ಎಲೆಗಳನ್ನು ಬಣ್ಣ ನೋಡಿ, ಮೈ ಮುಟ್ಟಿ ಬೇರೆಬೇರೆ ರಾಶಿ ಮಾಡುವುದೇ ಗ್ರೇಡಿಂಗ್. ನಮಗೆ ಹಳದಿ ಅಂದರೆ ಒಂದೇ ಹಳದಿ, ಅಕ್ಕನಿಗೆ ಅದರಲ್ಲಿ ಏಳೆಂಟು. ಊರಿನಲ್ಲಿ ಯಾರ ಸೊಪ್ಪಾದರೂ ಅನುಮಾನ ಬಂದರೆ ಅಕ್ಕನ ಕಣ್ಣಿಗೆ ತೋರಿಸಿ ಅನ್ನುತ್ತಿದ್ದರು.

ಆ ದಿನ ಯಜಮಾನರು ಹಳೇ ಕಡ್ಡಿ ತರಲು ಅವಳನ್ನು ಕಳಿಸಿದ್ದರು. ದಡಾರನೆ ಬಾಗಿಲು ತೆಗೆದಳು. ಬೆಳಕು ನುಗ್ಗಿ ಎಲ್ಲ ಹಾಳಾಯಿತು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಅವಳು ಹೆದರಲಿಲ್ಲ, ಬಾಗಿಲು ಮುಚ್ಚಿ ಕತ್ತಲಲ್ಲೇ ನಿಂತು, ಅದೇನು ನೋಡುತ್ತೀರಿ ಎಂದು ಕೇಳಿದಳು. ಕೂಗಾಡಿದ್ದಕ್ಕೆ ನಾಚಿಕೆಯಾಗಿ ಐಪೀಸಿನ ಮುಂದೆ ಕೂರಿಸಿದೆ. ಅವಳು ಬಹಳ ಹೊತ್ತು ಅಲ್ಲಾಡದೆ ನೋಡಿದಳು.

"ಆಚೆ ಈಚೆ ಗೆರೆ ನೆಟ್ಟಗವೆ. ನಡುಮಧ್ಯದ್ದು ಯಾಕ್ ಟೀಚರಮ್ಮ, ಇಲ್ಲೊಂದ್ ತಾವ ಮಾತ್ರ ಸೀಳೈತೆ?"

ಅವಳನ್ನು ಸರಿಸಿ ನೋಡಿದೆ. ಏನೂ ಕಾಣಲಿಲ್ಲ. ಎಲ್ಲಿ ಎಂದು ಕೇಳಿ, ಅವಳು ಹೇಳಿದ ಜಾಗದಲ್ಲಿ ಉಸಿರು ಹಿಡಿದು ನೋಡಿದಾಗ ಗೆರೆಯ ಹೊಟ್ಟೆಯಲ್ಲಿ ಕೂದಲೆಳೆಯಷ್ಟು ಕೆಂಪು ಕಂಡಿತು. ಅಷ್ಟೂ ತಿಂಗಳು ನನ್ನ ಮುಂದೆಯೇ ಇತ್ತೋ ಏನೋ. ನಾನು ಅತ್ತೆ. ಕತ್ತಲಿತ್ತು, ಅಕ್ಕನಿಗೆ ಗೊತ್ತಾಗಿರಲಾರದು. ಅದು ಸೂರ್ಯನಲ್ಲಿರುವ ಕಬ್ಬಿಣ ಎಂದು ಹೇಳಿದಾಗ ಮಾತ್ರ ಅವಳು ನಂಬದೆ ನಕ್ಕಳು. ಅಲ್ಲೂ ಗುದ್ದಲಿ ಕೆಲಸ ಇದೆಯೇ ಎಂದು ಕೇಳಿದಳು.

ಆಮೇಲೆ ದಿನವೂ ಗ್ರೇಡಿಂಗಿಗೆ ಹೋಗುವ ಮುಂಚೆ ಬರತೊಡಗಿದಳು. ನಾನು ಶಾಲೆಗೆ ಹೊರಡುವ ಮುಂಚಿನ ಒಂದು ಗಂಟೆ ನಮ್ಮಿಬ್ಬರದು. ನಾಲ್ಕನೇ ಕ್ಲಾಸು ಓದಿದವಳು, ಅಂಕಿ ಚೆನ್ನಾಗಿ ಬರುತ್ತಿತ್ತು. ಉರುಳೆ ತಿರುಗಿಸುವುದನ್ನು ಒಂದೇ ದಿನದಲ್ಲಿ ಕಲಿತಳು. ಮೊದಲ ವಾರ ನಾನು ಅಳೆದು ಸಂಖ್ಯೆಯನ್ನು ಜೋರಾಗಿ ಹೇಳಿಬಿಡುತ್ತಿದ್ದೆ, ಆಮೇಲೆ ಅವಳು ಅಳೆಯುತ್ತಿದ್ದಳು. ಎಂಟನೆಯ ದಿನವೋ ಏನೋ, ಬಾಯಿ ಮುಚ್ಚಿಕೊಂಡಿರಿ ಎಂದು ನೇರವಾಗಿ ಹೇಳಿದಳು. ಗ್ರೇಡಿಂಗಿನಲ್ಲಿ ಅದು ಕಟ್ಟುನಿಟ್ಟಂತೆ. ಅನುಮಾನದ ಎಲೆ ಬಂದರೆ ಒಬ್ಬಳು ನೋಡಿ ಮನಸ್ಸಿನಲ್ಲೇ ಇಟ್ಟುಕೊಂಡು ಪಕ್ಕದವಳಿಗೆ ಕೊಡಬೇಕು, ಇಬ್ಬರದೂ ಮುಗಿದ ಮೇಲೆ ಬಾಯಿ ಬಿಡಬೇಕು.

"ಮುಟ್ಟಕ್ ಮುಂಚೆ ಪಕ್ಕದೋಳು ಏನಂದ್ಲು ಅಂತ ಕೇಳ್ಬಾರ್ದು ಕಣ್ ಟೀಚರಮ್ಮ. ಕೇಳಿದ್ರೆ ನಮ್ ಕಣ್ಣು ಅವಳ್ದಾಗೋಯ್ತದೆ."

ಹೀಗೆ ಎರಡು ಡಬ್ಬಿ ಬಂದವು. ನಾನು ಅಳೆದು ಚೀಟಿಯಲ್ಲಿ ಬರೆದು ನನ್ನ ಡಬ್ಬಿಗೆ ಹಾಕುವುದು, ಉರುಳೆಯನ್ನು ಸೊನ್ನೆಗೆ ತಿರುಗಿಸುವುದು, ಅಕ್ಕ ಅಳೆದು ಬರೆದು ಅವಳ ಡಬ್ಬಿಗೆ ಹಾಕುವುದು. ಕೊನೆಗೆ ಎರಡನ್ನೂ ಒಟ್ಟಿಗೆ ತೆಗೆದು ಪುಸ್ತಕದಲ್ಲಿ ಬರೆಯುವುದು: ನನ್ನದು, ಅಕ್ಕನದು, ಸರಾಸರಿ. ಮೂರು ಕಾಲಂ. ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಈ ಬುದ್ಧಿ ತಾನಾಗಿ ಬರಬೇಕಿತ್ತು, ಸೊಪ್ಪಿನ ಶೆಡ್ಡಿನಿಂದ ಬಂತು.

ಆ ಎರಡು ತಿಂಗಳು ನಾನು ಸಂತೋಷವಾಗಿದ್ದೆ. ಅಕ್ಕ ಮಾತು ಕಡಿಮೆ. ಕಂಬಳಿ ಪರದೆಯ ಹಿಂದೆ ಇಬ್ಬರೂ ಸುಮ್ಮನೆ ಇರುತ್ತಿದ್ದೆವು, ಅವಳ ಸೀರೆಯಿಂದ ಬೆಂದ ಸೊಪ್ಪಿನ ವಾಸನೆ ಬರುತ್ತಿತ್ತು. ಡಬ್ಬಿ ತೆರೆದಾಗ ನನ್ನದು ಹತ್ತೊಂಬತ್ತು, ಅವಳದೂ ಹತ್ತೊಂಬತ್ತು ಇದ್ದರೆ ಇಬ್ಬರೂ ಮಕ್ಕಳಂತೆ ನಗುತ್ತಿದ್ದೆವು. ನಾನು ಕಂಡದ್ದನ್ನೇ ಇನ್ನೊಬ್ಬರೂ ಕಾಣುವುದು ಎಷ್ಟು ದೊಡ್ಡದು ಎಂದು ಆವರೆಗೆ ನನಗೆ ಗೊತ್ತಿರಲಿಲ್ಲ.

ಅವಳು ನನಗೆ ನೀವು ಅನ್ನುತ್ತಿದ್ದಳು, ನಾನು ಅವಳಿಗೆ ನೀನು. ಅಕ್ಕ ಎಂದು ಕರೆಯುತ್ತೇನಲ್ಲ, ಅಲ್ಲಿಗೆ ಸರಿಹೋಯಿತು ಎಂದುಕೊಂಡಿದ್ದೆ.

ಡಿಸೆಂಬರಿನಲ್ಲಿ ಸೂರ್ಯನ ಮೇಲೆ ಎರಡು ದೊಡ್ಡ ಕಲೆಗಳು ಬಂದವು, ನಡುಮಧ್ಯಕ್ಕೆ ಅತ್ತ ಒಂದು, ಇತ್ತ ಒಂದು. ಅಷ್ಟರಲ್ಲಿ ನನಗೊಂದು ಕೆಟ್ಟ ಚಟ ಹತ್ತಿತ್ತು. ದೂರದ ದೇಶದ ವೀಕ್ಷಣಾಲಯವೊಂದು ದಿನವೂ ಸೂರ್ಯನ ಚಿತ್ರ ಬರೆದು, ಒಂದೊಂದು ಕಲೆಯ ಪಕ್ಕ ಅದರ ಕಾಂತಬಲದ ಸಂಖ್ಯೆಯನ್ನು ನಮ್ಮ ಗೀಟಿನಂತೆಯೇ ನೂರು ಗಾಸಿಗೆ ಒಂದರ ಲೆಕ್ಕದಲ್ಲಿ ಹಾಕಿ ಎಲ್ಲರೂ ನೋಡಲೆಂದು ಇಂಟರ್ನೆಟ್ಟಿನಲ್ಲಿ ಇಡುತ್ತಿತ್ತು. ನಮ್ಮ ಅಳತೆ ಸರಿಯಿದೆಯೇ ಎಂದು ಸಂಜೆ ನೋಡುತ್ತಿದ್ದವಳು, ಬರಬರುತ್ತ ಬೆಳಿಗ್ಗೆ ಕಾಫಿ ಕುಡಿಯುತ್ತಲೇ ಮೊಬೈಲಿನಲ್ಲಿ ನೋಡಲು ಶುರುಮಾಡಿದೆ. ಅಂದು ಬಲಗಡೆಯ ಕಲೆಯ ಪಕ್ಕ ಇಪ್ಪತ್ತಾರು ಎಂದಿತ್ತು. ನಾವು ಬಲಗಡೆಯದನ್ನೇ ಅಳೆಯುತ್ತಿದ್ದೆವು. ಹೋಗಿ ಅಳೆದೆ, ಇಪ್ಪತ್ತಾರು ಬಂತು. ಹೆಮ್ಮೆಯಿಂದ ಬರೆದು ಡಬ್ಬಿಗೆ ಹಾಕಿದೆ.

ಅಕ್ಕನ ಚೀಟಿ ತೆಗೆದರೆ ಇಪ್ಪತ್ತೊಂದು.

ಅವಳು ಹೊರಗೆ ಕೈ ತೊಳೆಯುತ್ತಿದ್ದಳು. ನಾನು ಪುಸ್ತಕದಲ್ಲಿ ನನ್ನದು ಇಪ್ಪತ್ತಾರು ಎಂದು ಬರೆದೆ. ಅವಳ ಕಾಲಂನಲ್ಲಿ ಪೆನ್ನು ಒಂದು ಕ್ಷಣ ನಿಂತಿತು, ಆಮೇಲೆ ಇಪ್ಪತ್ತೈದು ಎಂದು ಬರೆಯಿತು. ಪೆನ್ನು ಬರೆಯಿತು ಎನ್ನುವುದೂ ಒಂದು ನೆಪ. ಬರೆದವಳು ನಾನು. ಮೋಸ ಮಾಡುತ್ತಿದ್ದೇನೆ ಎಂದು ಅನ್ನಿಸಲಿಲ್ಲ, ತಿದ್ದುತ್ತಿದ್ದೇನೆ ಎಂದು ಅನ್ನಿಸಿತು. ಇಪ್ಪತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದಳು. ಬಾಗಿಲ ಬೆಳಕಿನಲ್ಲಿ ಪುಸ್ತಕ ತೆರೆದೇ ಇತ್ತು. ಬೆರಳಿಟ್ಟು, ಇದು ನಂದಾ ಎಂದು ಕೇಳಿದಳು. ನಾನು ಬರೆದದ್ದು ಇಪ್ಪತ್ತೊಂದಲ್ಲವೇ ಅಂದಳು. ನಾನು ದಡ್ಡ ಮಕ್ಕಳಿಗೆ ಹೇಳುವ ತಾಳ್ಮೆಯಿಂದ, ದೊಡ್ಡ ವೀಕ್ಷಣಾಲಯದವರೇ ಇಪ್ಪತ್ತಾರು ಅಂದಿದ್ದಾರೆ ಅಕ್ಕ, ನಿನ್ನ ಕೈ ಸ್ವಲ್ಪ ಜಾರಿರಬೇಕು ಎಂದೆ. ಆ ತಾಳ್ಮೆ ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಅವಳು ಬೇರೆ ಏನನ್ನೂ ಕೇಳಲಿಲ್ಲ. ಅವರು ಹೇಳಿದ್ದನ್ನು ನೀವು ಮೊದಲೇ ನೋಡಿದ್ದಿರಾ ಎಂದು ಮಾತ್ರ ಕೇಳಿದಳು. ಹೂಂ ಅಂದೆ.

"ಅಂಗಾರೆ ನಿಮ್ದೂ ನಿಮ್ದಲ್ಲ ಬುಡಿ," ಅಂದಳು. "ನಿಮ್ಗ್ ಬೇಕಾದ್ದ ನೀವೇ ಬರ್ಕೊಳದಾದ್ರೆ ನಾನ್ಯಾಕೆ?"

ಬುತ್ತಿ ಎತ್ತಿಕೊಂಡು ಹೊರಟಳು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಕರೆಯಲು ಹೋಗಬಹುದಿತ್ತು. ನಡುವೆ ಇದ್ದದ್ದು ಒಂದು ಬೀದಿ. ಆದರೆ ನಾನು ಸರಿ ಎಂದು ನನಗೆ ಪೂರ್ತಿ ನಂಬಿಕೆಯಿತ್ತು. ಸರಿಯಿರುವವರು ಯಾಕೆ ಹೋಗಬೇಕು? ಕೊಳಾಯಿಯ ಹತ್ತಿರ ಎದುರಾದರೆ ಅವಳು ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು, ನಾನೂ ಮೊಬೈಲು ನೋಡಿಕೊಂಡು ಹೋಗುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಒಬ್ಬಳೇ ಅಳೆಯುತ್ತ ಹೋದೆ. ಎರಡನೇ ಚೀಟಿ ಇಲ್ಲದೆ ಪುಸ್ತಕ ಬೋಳಾಗಿ ಕಾಣುತ್ತಿತ್ತು. ಅದಕ್ಕೊಂದು ಉಪಾಯ ಮಾಡಿದೆ, ಹೇಳಿದರೆ ನಗುತ್ತೀರಿ. ಒಂದು ಸಲ ಅಳೆದು ಚೀಟಿ ಹಾಕುವುದು, ಹೊರಗೆ ಹೋಗಿ ಹಿತ್ತಲಲ್ಲಿ ಎರಡು ಸುತ್ತು ಹಾಕುವುದು, ಮತ್ತೆ ಒಳಗೆ ಬಂದು ಬೇರೆ ಯಾರೋ ಎಂಬಂತೆ ಕೂತು ಅಳೆಯುವುದು. ಎರಡೂ ಯಾವಾಗಲೂ ತಾಳೆಯಾಗುತ್ತಿದ್ದವು. ನನ್ನೊಂದಿಗೆ ನಾನು ಜಗಳವಾಡುವುದಾದರೂ ಹೇಗೆ? ಹದಿನೈದು ದಿನ ಮಾಡಿ ಬಿಟ್ಟುಬಿಟ್ಟೆ. ಮಳೆಗಾಲ ಬಂತು. ಕಂಬಳಿಗೆ ಬೂಷ್ಟು ಹಿಡಿಯಿತು, ಲೆನ್ಸನ್ನು ಹತ್ತಿಯಲ್ಲಿ ಸುತ್ತಿ ಅಕ್ಕಿಡಬ್ಬಿಯಲ್ಲಿಟ್ಟೆ. ಆ ಮಳೆಗಾಲದಷ್ಟು ಉದ್ದದ ಮಳೆಗಾಲ ನನಗೆ ನೆನಪಿಲ್ಲ. ಭಾನುವಾರಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದೆ, ಗಂಟಲು ಇದೆಯೇ ಎಂದು ನೋಡಲು ಒಮ್ಮೊಮ್ಮೆ ಸುಮ್ಮನೆ ಕೆಮ್ಮುತ್ತಿದ್ದೆ.

ನವೆಂಬರಿನಲ್ಲಿ ಬಿಸಿಲು ತಿಳಿಯಾಯಿತು. ಹೊಸ ಪುಸ್ತಕ ಶುರುಮಾಡುವ ಮುಂಚೆ ಹಳೆಯದರ ಚಿತ್ರಗಳನ್ನು ಬೇರೆ ತೆಗೆಯುತ್ತಿದ್ದೆ. ದಿನವೂ ತಗಡಿನ ಮೇಲೆ ತೆಳು ಕಾಗದವಿಟ್ಟು ಬಿಂಬವನ್ನೂ ಕಲೆಗಳನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುವುದು ನನ್ನ ರೂಢಿ. ಡಿಸೆಂಬರಿನ ಆ ಜಗಳದ ದಿನದ ಹಾಳೆ ಕೈಗೆ ಬಂತು. ಮೊಬೈಲಿನಲ್ಲಿ ವೀಕ್ಷಣಾಲಯದ ಅಂದಿನ ಚಿತ್ರ ತೆಗೆದೆ. ಪಕ್ಕಪಕ್ಕ ಇಟ್ಟರೆ ಏನೋ ಸರಿಯಿಲ್ಲ. ಎರಡು ದೊಡ್ಡ ಕಲೆಗಳು ಹೊಂದುತ್ತವೆ, ಸುತ್ತಲಿನ ಪುಡಿ ಕಲೆಗಳು ಹೊಂದುವುದಿಲ್ಲ. ಹಾಳೆಯನ್ನು ತಿರುಗಿಸಿದೆ, ತಲೆಕೆಳಗು ಮಾಡಿದೆ, ಆಗಲಿಲ್ಲ. ಬೇಸರದಿಂದ ಕಿಟಕಿಯ ಬೆಳಕಿಗೆ ಹಿಡಿದೆ, ಹಿಂಬದಿ ನನ್ನ ಕಡೆಗಿತ್ತು. ಹಿಂಬದಿಯಿಂದ ಎಲ್ಲವೂ ಕರಾರುವಾಕ್ಕಾಗಿ ಹೊಂದಿತು.

ಕನ್ನಡಿ. ಲೆನ್ಸು ಬಿಂಬವನ್ನು ತಲೆಕೆಳಗು ಮಾಡುವುದನ್ನು ಲೆಕ್ಕಕ್ಕೆ ಹಿಡಿದಿದ್ದೆ, ಕನ್ನಡಿ ಎಡವನ್ನು ಬಲ ಮಾಡುವುದನ್ನು ಮರೆತಿದ್ದೆ. ತಲೆ ಬಾಚಿಕೊಳ್ಳುವವರಿಗೆಲ್ಲ ಗೊತ್ತಿರುವ ವಿಷಯ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ, ನನಗೆ ಕನ್ನಡಿಯೇ ಹುಣ್ಣಾಗಿತ್ತು. ನಾವು ಅಳೆದ ಕಲೆ ಅವರ ಚಿತ್ರದಲ್ಲಿ ಎಡಗಡೆಯದು. ಅದರ ಪಕ್ಕ ಅವರು ಹಾಕಿದ್ದ ಸಂಖ್ಯೆ ಇಪ್ಪತ್ತೊಂದು.

ಹಾಳೆ ಹಿಡಿದುಕೊಂಡು ಹಾಗೇ ನೆಲದ ಮೇಲೆ ಕೂತೆ. ಅಕ್ಕನ ಕೈ ಜಾರಿರಲಿಲ್ಲ. ನನ್ನ ಇಪ್ಪತ್ತಾರು ಮಾತ್ರ ಎಲ್ಲಿಂದ ಬಂತು? ಆ ಕಲೆಯಲ್ಲಿ ಇಪ್ಪತ್ತಾರು ಇರಲೇ ಇಲ್ಲ. ಇಲ್ಲದ್ದನ್ನು ನಾನು ನನ್ನ ಕಣ್ಣಾರೆ ನೋಡಿ, ಬೆರಳಾರೆ ಅಳೆದಿದ್ದೆ. ಕಾಫಿ ಕುಡಿಯುತ್ತ ನೋಡಿದ ಸಂಖ್ಯೆ ಉರುಳೆಯನ್ನು ಅಲ್ಲಿಗೆ ತಿರುಗಿಸಿತ್ತು. ನಿಮ್ಮದೂ ನಿಮ್ಮದಲ್ಲ ಎಂದು ಅವಳು ಅಂದಾಗ ಸಿಟ್ಟಿಗೆ ಅಂದಳು ಎಂದುಕೊಂಡಿದ್ದೆ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ನನಗೆ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳನ್ನು ನೋಡಬೇಕು ಅನ್ನಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಪುಸ್ತಕ ಬಗಲಲ್ಲಿಟ್ಟುಕೊಂಡು ಗ್ರೇಡಿಂಗ್ ಶೆಡ್ಡಿಗೆ ಹೋದೆ. ಹತ್ತು ಹನ್ನೆರಡು ಹೆಂಗಸರು ಎಲೆಯ ರಾಶಿಗಳ ನಡುವೆ ಬೆಳಕಿಗೆ ಮುಖ ಮಾಡಿ ಕೂತಿದ್ದರು. ಅಕ್ಕ ಯಾವಾಗಲೂ ಬಾಗಿಲ ಪಕ್ಕ ಒಳ್ಳೆಯ ಬೆಳಕಿನಲ್ಲಿ ಕೂರುವವಳು. ಅಲ್ಲಿ ಬೇರೆ ಯಾರೋ ಇದ್ದರು. ಅಕ್ಕ ಹಿಂದೆ ಗೋಡೆಗೆ ಒರಗಿ, ಆಯ್ದಿಟ್ಟ ಎಲೆಗಳನ್ನು ಕಂತೆ ಕಟ್ಟುತ್ತಿದ್ದಳು. ಅದು ಹೊಸಬರಿಗೆ ಕೊಡುವ ಕೆಲಸ. ನಾನು ಹೇಳಬೇಕಾದ್ದನ್ನು ಎಲ್ಲರ ಮುಂದೆಯೇ ಹೇಳಿದೆ: ಅಂದು ನೀನು ಅಳೆದದ್ದೇ ಸರಿ, ತಪ್ಪು ಅಳೆದವಳು ನಾನು, ನಿನ್ನ ಅಂಕಿ ತಿದ್ದಿದ್ದು ಇನ್ನೂ ದೊಡ್ಡ ತಪ್ಪು.

ಅಕ್ಕ ಕಂತೆಗೆ ಗಂಟು ಹಾಕಿದ ಮೇಲೆ ತಲೆಯೆತ್ತಿದಳು. ನನ್ನ ಮುಖದಿಂದ ಸ್ವಲ್ಪ ಪಕ್ಕಕ್ಕೆ ನೋಡಿದಳು.

"ನಾನ್ ನೋಡಿದ್ದು ನಂಗ್ ಗೊತ್ತಿರ್ನಿಲ್ವಾ ಟೀಚರಮ್ಮ? ನಿಮ್ಗ್ ಗೊತ್ತಾಗ್ಲಿ ಅಂತ ಕಾಯ್ತಿದ್ದೆ."

ಬಾಗಿಲ ಪಕ್ಕದವಳು ಮೆಲ್ಲಗೆ ವಿಷಯ ತಿಳಿಸಿದಳು. ಅಕ್ಕನಿಗೆ ಯುಗಾದಿಯ ಮುಂಚಿನಿಂದಲೇ ಕಣ್ಣು ಮಂಜಾಗಿತ್ತು. ಈ ವರ್ಷ ಹಸಿರುಮಚ್ಚೆಯ ಎಲೆಯನ್ನು ಒಳ್ಳೇ ಹಳದಿಯ ರಾಶಿಗೆ ಹಾಕಿದಳಂತೆ, ಎರಡು ಸಲ. ಮೂರನೆಯ ದಿನ ತಾನೇ ಎದ್ದು ಹಿಂದಕ್ಕೆ ಹೋಗಿ ಕೂತಳಂತೆ.

ನಾನು ಮೊದಲು ಹೆದರಿದ್ದು ನನಗಾಗಿ. ಆ ಐಪೀಸಿನಿಂದಲೇ ಹೀಗಾಯಿತೇ? ಶನಿವಾರ ಮಧ್ಯಾಹ್ನ ಅವಳನ್ನು ಮೈಸೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಹಳ ವರ್ಷದ ಸಕ್ಕರೆ ಕಾಯಿಲೆ, ಅವಳಿಗೇ ಗೊತ್ತಿರಲಿಲ್ಲ, ಕಣ್ಣಿನ ಹಿಂದಿನ ಪರದೆಗೆ ಇಳಿದುಬಿಟ್ಟಿದೆ ಎಂದರು ಡಾಕ್ಟರು. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ. ನಾನು ಐಪೀಸಿನ ವಿಷಯ ಕೇಳಿದೆ. ಎಲ್ಲವನ್ನೂ ಕೇಳಿ ತಿಳಿದುಕೊಂಡು, ಆ ಮಂಕು ಬೆಳಕಿನಿಂದ ಏನೂ ಆಗಿರಲಾರದು ಎಂದರು. ಒಂದು ಕ್ಷಣ ಎದೆ ಹಗುರವಾಯಿತು. ಪಕ್ಕದಲ್ಲಿ ಅಕ್ಕ ಗೋಡೆಯ ಮೇಲಿನ ಅಕ್ಷರಗಳ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಹಗುರವಾದದ್ದಕ್ಕೆ ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಅವಳ ಕಣ್ಣು ಚೆನ್ನಾಗಿದ್ದ ಕೊನೆಯ ಚಳಿಗಾಲ ಅದೇ. ಅವಳು ಅಳೆದ ಕೊನೆಯ ಅಳತೆ ನಾನು ತಿದ್ದಿದ್ದೇ. ಜಗಳವಾಗದಿದ್ದರೆ ಇನ್ನೂ ಎರಡು ತಿಂಗಳ ಅಳತೆಗಳು ಆ ಪುಸ್ತಕದಲ್ಲಿರುತ್ತಿದ್ದವು, ಆ ಕಣ್ಣಿನವು. ಹುಣಸೂರು ದಾಟಿದ ಮೇಲೆ ಅಕ್ಕನೇ ಮಾತಾಡಿದಳು. ಈಗ ಕಲೆ ಇದೆಯೇ ಎಂದು ಕೇಳಿದಳು. ಇದೆ, ದೊಡ್ಡದೊಂದಿದೆ ಅಂದೆ. ಹಾಗಾದರೆ ನಾಳೆ ಬರುತ್ತೇನೆ ಎಂದಳು.

ಬೆಳಿಗ್ಗೆ ಮೊಬೈಲು ಮುಟ್ಟಲಿಲ್ಲ. ಅಕ್ಕ ಬಂದಳು. ಕಂಬಳಿ ಪರದೆ ಸರಿಸಲು ನಾನು ಕೈ ಹಿಡಿಯಹೋದರೆ, ಬೇಡ, ಕತ್ತಲಲ್ಲಿ ಎಲ್ಲರೂ ಒಂದೇ ಎಂದು ತಾನೇ ತಡವಿಕೊಂಡು ಬಂದು ಕೂತಳು. ಮೊದಲು ನಾನು ಅಳೆದೆ. ಸೀಳು ಎಷ್ಟು ಸ್ಪಷ್ಟವಾಗಿತ್ತೆಂದರೆ ಹೊಸಬರಿಗೂ ಕಾಣುವಂತಿತ್ತು. ಬರೆದು ಡಬ್ಬಿಗೆ ಹಾಕಿ, ಉರುಳೆಯನ್ನು ಸೊನ್ನೆಗೆ ತಂದು ಎದ್ದೆ.

ಅಕ್ಕ ಕಣ್ಣಿಟ್ಟಳು. ಒಂದು ಕಣ್ಣು, ಆಮೇಲೆ ಇನ್ನೊಂದು. ಉರುಳೆಯ ಮೇಲೆ ಬೆರಳಿಟ್ಟುಕೊಂಡೇ ಬಹಳ ಹೊತ್ತು ಕೂತಿದ್ದಳು. ಬೆರಳು ತಿರುಗಲಿಲ್ಲ. ಎಡಕ್ಕೆ ನೋಡು, ಅಲ್ಲೇ ಇದೆ ಎಂದು ಹೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಅವಳು ಪೆನ್ಸಿಲು ಕೇಳಿ, ಮಂಡಿಯ ಮೇಲೆ ಚೀಟಿಯಿಟ್ಟುಕೊಂಡು ಬರೆದು, ಗೂಡನ್ನು ತಡವಿ ತನ್ನ ಡಬ್ಬಿಗೆ ಹಾಕಿದಳು.

ಬಾಗಿಲು ತೆಗೆದು ಎರಡನ್ನೂ ಬಿಚ್ಚಿದೆವು. ನನ್ನದು ಇಪ್ಪತ್ತನಾಲ್ಕು. ಅವಳ ಚೀಟಿಯಲ್ಲಿ ದೊಡ್ಡದಾಗಿ ಒಂದು ಸೊನ್ನೆ.

"ಒಂದೇ ಗೆರೆ ಕಾಣ್ತದೆ," ಅಂದಳು. "ಸೀಳಿಲ್ಲ. ಕಾಣದ್ದ ಎಂಗ್ ಬರೀಲಿ?"

ಪುಸ್ತಕ ತೆರೆದು ಮೊದಲ ಕಾಲಂನಲ್ಲಿ ಇಪ್ಪತ್ತನಾಲ್ಕು ಬರೆದೆ, ಎರಡನೆಯದರಲ್ಲಿ ಸೊನ್ನೆ ಬರೆದೆ. ಮೂರನೆಯದನ್ನು ಖಾಲಿ ಬಿಟ್ಟೆ. ಅಕ್ಕ ಕೈ ಚಾಚಿದಳು. ಪುಸ್ತಕವನ್ನು ಇಸಿದುಕೊಂಡು ಬಾಗಿಲ ಬೆಳಕಿಗೆ ತಿರುಗಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತನ್ನ ಕಾಲಂ ಎಲ್ಲಿದೆಯೆಂದು ಬೆರಳಿಂದ ಹುಡುಕಿದಳು. ನಾನು ಸೊನ್ನೆಯನ್ನೇ ಬರೆದಿದ್ದೇನೆಯೇ ಎಂದು ನೋಡಿದಳು.

"ಈಗ್ ಸರಿ," ಎಂದು ಪುಸ್ತಕ ವಾಪಸು ಕೊಟ್ಟಳು.